ಗೋಧಿ ಬಿಡುವ ಮೊದಲು ರಕ್ತ ಪರೀಕ್ಷೆ: ಸೆಲಿಯಾಕ್ ರಿಪೋರ್ಟನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಊರು ಬಿಟ್ಟು ಮುಂಬಯಿ ಸೇರಿದ ಕನ್ನಡಿಗರ ಮನೆಗಳಲ್ಲಿ ಮನೆಮಾತು ಉಳಿದಿದೆ, ಹಬ್ಬ ಹರಿದಿನಗಳು ಉಳಿದಿವೆ. ಊಟದ ತಟ್ಟೆ ಮಾತ್ರ ಬದಲಾಗಿದೆ. ಕರಾವಳಿಯವರ ಕುಚ್ಚಲಕ್ಕಿ ಗಂಜಿ, ಉತ್ತರ ಕರ್ನಾಟಕದವರ ಜೋಳದ ರೊಟ್ಟಿ, ಹಳೆ ಮೈಸೂರು ಕಡೆಯವರ ರಾಗಿ ಮುದ್ದೆ ಅನೇಕ ಮನೆಗಳಲ್ಲಿ ರವಿವಾರದ ಊಟವಾಗಿವೆ. ಉಳಿದ ಆರು ದಿನ ಬೆಳಗ್ಗೆ ಬ್ರೆಡ್ಡು, ಮಧ್ಯಾಹ್ನ ಡಬ್ಬಿಯಲ್ಲಿ ಚಪಾತಿ, ಸಂಜೆ ಪಾವ್, ರಾತ್ರಿ ಮತ್ತೆ ಚಪಾತಿ. ಪುಣೆ, ದಿಲ್ಲಿಯ ಕನ್ನಡಿಗರ ಕತೆಯೂ ಹೆಚ್ಚು ಕಡಿಮೆ ಇದೇ.

ಬಹುಪಾಲು ಜನರಿಗೆ ಇದರಿಂದ ತೊಂದರೆಯಿಲ್ಲ. ಕೆಲವರಿಗೆ ಮಾತ್ರ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಕರುಳಿಗೇ ಮುಳುವಾಗುತ್ತದೆ. ಇದೇ ಸೆಲಿಯಾಕ್ ಕಾಯಿಲೆ. ಇತ್ತೀಚಿನ ವರ್ಷಗಳಲ್ಲಿ ವೈದ್ಯರು ಇದಕ್ಕೆ ರಕ್ತ ಪರೀಕ್ಷೆ ಬರೆದುಕೊಡುವುದು ಹೆಚ್ಚಾಗಿದೆ. ಲ್ಯಾಬಿನ ರಿಪೋರ್ಟು ವೈದ್ಯರ ಕೈ ಸೇರುವ ಮೊದಲೇ ಮೊಬೈಲಿಗೆ ಬಂದು ಬೀಳುತ್ತದೆ. ದಪ್ಪ ಅಕ್ಷರದಲ್ಲಿ ಅಚ್ಚಾದ ಅಂಕಿ ನೋಡಿ ಕೆಲವರು ಕಂಗಾಲಾಗುತ್ತಾರೆ. ‘ನೆಗೆಟಿವ್’ ಎಂಬ ಪದ ಕಂಡು ಕೆಲವರು ರಿಪೋರ್ಟನ್ನು ಕಪಾಟಿಗೆ ಸೇರಿಸಿ ಮರೆತುಬಿಡುತ್ತಾರೆ. ಇನ್ನು ಕೆಲವರು ಪರೀಕ್ಷೆಯ ಗೋಜೇ ಬೇಡವೆಂದು ಗೋಧಿ ತಿನ್ನುವುದನ್ನೇ ನಿಲ್ಲಿಸುತ್ತಾರೆ. ಈ ಮೂರರಿಂದಲೂ ಹಾನಿಯಾಗಬಹುದು. ಬ್ಯಾಂಕಿನ ಪಾಸ್‌ಬುಕ್ಕಿನ ಒಂದೇ ಸಾಲು ನೋಡಿ ಒಂದು ಮನೆಯ ಆದಾಯ ಖರ್ಚು ಹೇಳಲು ಆಗದು. ಸೆಲಿಯಾಕ್ ರಿಪೋರ್ಟಿನ ಒಂದೇ ಅಂಕಿ ನೋಡಿ ಕಾಯಿಲೆ ಇದೆ, ಇಲ್ಲ ಎಂದು ಹೇಳುವುದೂ ಹಾಗೆಯೇ.

ಏನಿದು ಸೆಲಿಯಾಕ್?

ಸಣ್ಣ ಕರುಳಿನ ಒಳಗೋಡೆಯಲ್ಲಿ ಟರ್ಕಿ ಟವೆಲಿನ ಎಳೆಗಳಂತೆ ಎದ್ದು ನಿಂತ ಅತಿ ಸಣ್ಣ ಬೆರಳುಗಳಿರುತ್ತವೆ. ತಿಂದ ಅನ್ನದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವುದು ಇವುಗಳ ಕೆಲಸ. ಸೆಲಿಯಾಕ್ ಇರುವವರು ಗೋಧಿ, ಬಾರ್ಲಿ ತಿಂದಾಗ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಎಳೆಗಳು ಸವೆದು ಟವೆಲು ಬೋಳಾಗುತ್ತದೆ. ಆಮೇಲೆ ಎಷ್ಟು ಒಳ್ಳೆಯ ಆಹಾರ ತಿಂದರೂ ಕಬ್ಬಿಣ, ಕ್ಯಾಲ್ಸಿಯಂ, ಫೋಲಿಕ್ ಆಸಿಡ್, ಡಿ ವಿಟಮಿನ್ ಮೈಗೆ ಹತ್ತುವುದಿಲ್ಲ.

ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ಜಗತ್ತಿಗೆ ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಅಲ್ಲಿ ಬ್ರೆಡ್ಡಿಗೆ ಭೀಕರ ಅಭಾವ ಉಂಟಾಯಿತು. ಊರೆಲ್ಲ ಹಸಿದಿದ್ದ ಆ ಕಾಲದಲ್ಲಿ ಸೆಲಿಯಾಕ್ ಇದ್ದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಸಿಗತೊಡಗಿದಾಗ ಅದೇ ಮಕ್ಕಳು ಮತ್ತೆ ಮಲಗಿದರು. ಮೊದಲೇ ಗೋಧಿಯ ಮೇಲೆ ಅನುಮಾನವಿದ್ದ ಡಿಕೆ 1950ರಲ್ಲಿ ತಮ್ಮ ಪ್ರಬಂಧದಲ್ಲಿ ಇದನ್ನು ವಿವರವಾಗಿ ಮಂಡಿಸಿದರು. ಇಂದು ನಾವು ಮಾಡಿಸುವ ರಕ್ತ ಪರೀಕ್ಷೆಗೆ ದಾರಿಯಾದದ್ದು 1997ರಲ್ಲಿ. ಸೆಲಿಯಾಕ್ ರೋಗಿಗಳ ರಕ್ತದಲ್ಲಿರುವ ಪ್ರತಿಕಾಯಗಳು ಟಿಶ್ಯೂ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವದ ಮೇಲೆ ದಾಳಿ ಮಾಡುತ್ತವೆ ಎಂದು ಜರ್ಮನಿಯ ವಿಜ್ಞಾನಿಗಳು ಆ ವರ್ಷ ಕಂಡುಹಿಡಿದರು. ರಿಪೋರ್ಟಿನಲ್ಲಿ ‘ಟಿಟಿಜಿ’ ಎಂದು ಅಚ್ಚಾಗುವುದು ಈ ಉದ್ದನೆಯ ಹೆಸರಿನ ಚುಟುಕು ರೂಪ.

ಅನ್ನ ತಿನ್ನುವವರಿಗೆ ಬರುವುದಿಲ್ಲವೇ?

‘ಅದು ಪಂಜಾಬಿಗಳ ಕಾಯಿಲೆ, ನಮ್ಮ ಕಡೆಯವರಿಗೆ ಇಲ್ಲ’ ಎಂಬ ಮಾತು ಸಾಮಾನ್ಯ. ಇದರಲ್ಲಿ ಅರ್ಧ ಸತ್ಯವಿದೆ. ದಿಲ್ಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ಸುಮಾರು 96 ಮಂದಿಯಲ್ಲಿ ಒಬ್ಬರಿಗೆ ಸೆಲಿಯಾಕ್ ಇತ್ತು. 2016ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಉತ್ತರ, ಈಶಾನ್ಯ ಹಾಗೂ ದಕ್ಷಿಣ ಭಾರತದ 23 ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತ ಪರೀಕ್ಷೆ ಮಾಡಲಾಯಿತು. ಸೆಲಿಯಾಕ್ ಪ್ರತಿಕಾಯ ಉತ್ತರದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87 ಮಂದಿಯಲ್ಲಿ ಕಂಡುಬಂದರೆ ದಕ್ಷಿಣದಲ್ಲಿ ಕೇವಲ ಶೇ. 0.10 ಮಂದಿಯಲ್ಲಿ ಇತ್ತು.

ಅದೇ ಅಧ್ಯಯನದ ಇನ್ನೆರಡು ಲೆಕ್ಕಗಳನ್ನು ಹೊರನಾಡ ಕನ್ನಡಿಗರು ಗಮನಿಸಬೇಕು. ಈ ಕಾಯಿಲೆಗೆ ಅವಕಾಶ ಮಾಡಿಕೊಡುವ ಜೀನ್‌ಗಳು ಉತ್ತರದಲ್ಲಿ ಶೇ. 38.1 ಮಂದಿಯಲ್ಲಿದ್ದರೆ ದಕ್ಷಿಣದಲ್ಲಿ ಶೇ. 36.4 ಮಂದಿಯಲ್ಲಿದ್ದವು. ಅಂದರೆ ಹೆಚ್ಚೇನೂ ವ್ಯತ್ಯಾಸವಿಲ್ಲ. ದಿನಕ್ಕೆ ತಿನ್ನುವ ಗೋಧಿ ಮಾತ್ರ ಉತ್ತರದಲ್ಲಿ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಗೋಧಿ ಹೆಚ್ಚು ತಿಂದವರಿಗೆಲ್ಲ ಸೆಲಿಯಾಕ್ ಬರುತ್ತದೆ ಎಂದು ಇದರ ಅರ್ಥವಲ್ಲ. ಜೀನ್ ಇದ್ದವರಲ್ಲೂ ಕೆಲವರಿಗಷ್ಟೇ ಬರುತ್ತದೆ. ಆದರೆ ದಕ್ಷಿಣದವರ ರಕ್ತದಲ್ಲಿ ಇದಕ್ಕೆ ವಿಶೇಷ ರಕ್ಷಣೆ ಏನೂ ಇಲ್ಲ. ತಲೆಮಾರುಗಳಿಂದ ಗೋಧಿಯ ನಾಡಿನಲ್ಲಿ ಬೇರುಬಿಟ್ಟವರು ‘ನಾವು ಅನ್ನ ತಿನ್ನುವವರು’ ಎಂದು ನಿಶ್ಚಿಂತರಾಗಿ ಕೂರುವಂತಿಲ್ಲ.

ಯಾರು ಪರೀಕ್ಷೆ ಮಾಡಿಸಬೇಕು?

ಭೇದಿ, ಹೊಟ್ಟೆ ಉಬ್ಬರ, ತೂಕ ಇಳಿಯುವುದು ಎಲ್ಲರಿಗೂ ತಿಳಿದಿರುವ ಲಕ್ಷಣಗಳು. ಆದರೆ ಹೊಟ್ಟೆಯ ತೊಂದರೆಯೇ ಇಲ್ಲದೆಯೂ ಸೆಲಿಯಾಕ್ ಇರಬಹುದು. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಗು, ತಡವಾಗಿ ಮೈನೆರೆಯುವ ಹುಡುಗಿ, ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದ ಗೃಹಿಣಿ, ಚಿಕ್ಕ ವಯಸ್ಸಿನಲ್ಲೇ ಮೂಳೆ ಸವೆದವರು, ಕಾರಣ ತಿಳಿಯದೆ ಲಿವರ್ ಪರೀಕ್ಷೆಯಲ್ಲಿ ಸ್ವಲ್ಪ ಏರುಪೇರು ಇರುವವರು ವೈದ್ಯರಲ್ಲಿ ಸೆಲಿಯಾಕ್ ಬಗ್ಗೆ ಕೇಳುವುದು ಒಳ್ಳೆಯದು. ಟೈಪ್ 1 ಮಧುಮೇಹ, ಥೈರಾಯ್ಡ್‌ನ ಕೆಲವು ತೊಂದರೆಗಳು, ಡೌನ್ ಸಿಂಡ್ರೋಮ್ ಇರುವವರಲ್ಲಿ ಇದು ಹೆಚ್ಚು. ಮನೆಯಲ್ಲಿ ಒಬ್ಬರಿಗೆ ಇದೆಯೆಂದು ಖಚಿತವಾದರೆ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳು ಕೂಡ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅಂಥ ಹತ್ತಿರದ ರಕ್ತ ಸಂಬಂಧಿಗಳಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಕಾಯಿಲೆ ಇರುವುದು ಬೇರೆ ಬೇರೆ ದೇಶಗಳ ಅಧ್ಯಯನಗಳಿಂದ ತಿಳಿದುಬಂದಿದೆ.

ಪರೀಕ್ಷೆಗೆ ಮೊದಲು ಗೋಧಿ ಬಿಡಬಾರದು

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡಬೇಕಾದರೆ ಅದು ಇದು. ರಕ್ತ ಪರೀಕ್ಷೆ ಹುಡುಕುವುದು ಗ್ಲುಟೆನ್‌ಗೆ ಪ್ರತಿಯಾಗಿ ದೇಹ ಹುಟ್ಟಿಸಿದ ಪ್ರತಿಕಾಯಗಳನ್ನು. ಗೋಧಿ ನಿಲ್ಲಿಸಿದರೆ ಪ್ರತಿಕಾಯಗಳು ವಾರಗಳು, ತಿಂಗಳುಗಳು ಕಳೆದಂತೆ ಇಳಿಯುತ್ತವೆ, ಕರುಳೂ ಮೆಲ್ಲಗೆ ಮಾಯುತ್ತದೆ. ನಾಲ್ಕಾರು ತಿಂಗಳು ಗೋಧಿ ಬಿಟ್ಟವರು ಪರೀಕ್ಷೆಗೆ ಹೋದರೆ ಕಾಯಿಲೆ ಇದ್ದರೂ ರಿಪೋರ್ಟು ‘ನೆಗೆಟಿವ್’ ಬರಬಹುದು. ಕಳ್ಳ ಓಡಿಹೋದ ಮೇಲೆ ಪೊಲೀಸರನ್ನು ಕರೆದಂತೆ.

ನೆರೆಮನೆಯವರು ಹೇಳಿದರೆಂದೋ, ತೂಕ ಇಳಿಸಲೆಂದೋ ಗೋಧಿ ಬಿಟ್ಟು, ‘ಈಗ ಹಾಯೆನಿಸುತ್ತದೆ’ ಎಂದು ಅಲ್ಲಿಗೇ ನಿಲ್ಲಿಸುವವರು ಅನೇಕರಿದ್ದಾರೆ. ಅವರಿಗೆ ಇರುವುದು ಸೆಲಿಯಾಕೋ ಬೇರೆಯೋ ತಿಳಿಯುವುದೇ ಇಲ್ಲ. ಸೆಲಿಯಾಕ್ ಆಗಿದ್ದರೆ ಪಥ್ಯ ಜೀವನಪರ್ಯಂತ, ಅದೂ ಚೂರೂ ಸಡಿಲವಿಲ್ಲದೆ. ಅಲ್ಲವಾದರೆ ಅಷ್ಟು ಕಟ್ಟುನಿಟ್ಟಿನ ಅಗತ್ಯವೇ ಇಲ್ಲ. ಮಕ್ಕಳು, ಒಡಹುಟ್ಟಿದವರ ಪರೀಕ್ಷೆಯೂ ಇದರ ಮೇಲೆಯೇ ನಿಂತಿದೆ.

ಹಾಗಾದರೆ ಎಷ್ಟು ತಿನ್ನಬೇಕು? ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗೋಧಿ, ಹೀಗೆ ಕನಿಷ್ಠ ಆರು ವಾರ ಎಂಬುದು ವೈದ್ಯರು ಅನುಸರಿಸುವ ಒಂದು ಲೆಕ್ಕ. ಡಬ್ಬಿಯಲ್ಲಿ ಒಂದು ಚಪಾತಿ, ರಾತ್ರಿ ಒಂದು ಚಪಾತಿ ತಿನ್ನುವವರು ಹಾಗೆಯೇ ಮುಂದುವರಿಸಿದರಾಯಿತು. ಈಗಾಗಲೇ ಬಿಟ್ಟವರು ತಾವಾಗಿ ಮತ್ತೆ ಆರಂಭಿಸದೆ, ವೈದ್ಯರ ಸಲಹೆಯಂತೆ ನಡೆಯಬೇಕು. ಮನೆಯಲ್ಲಿ ಅನ್ನ, ಜೋಳವನ್ನೇ ಹೆಚ್ಚಾಗಿ ಉಣ್ಣುವ ಕನ್ನಡಿಗರು ಆ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಮುಂಬಯಿ, ದಿಲ್ಲಿಯ ವೈದ್ಯರು ‘ಇವರು ದಿನಾ ಗೋಧಿ ತಿನ್ನುವವರೇ’ ಎಂದುಕೊಂಡು ರಿಪೋರ್ಟು ನೋಡುವ ಸಾಧ್ಯತೆ ಇದೆ. ಅಂದಹಾಗೆ, ಈ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ.

ರಿಪೋರ್ಟಿನಲ್ಲಿ ಏನೇನಿರುತ್ತದೆ?

ಮೊದಲ ಸಾಲು ಸಾಮಾನ್ಯವಾಗಿ ಟಿಟಿಜಿ ಐಜಿಎ. ಇದೇ ಮುಖ್ಯ ಪರೀಕ್ಷೆ. ಗೋಧಿ ತಿನ್ನುತ್ತಿರುವ ಸೆಲಿಯಾಕ್ ರೋಗಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯನ್ನು ಇದು ಪತ್ತೆ ಮಾಡುತ್ತದೆ.

ಎರಡನೆಯದು ಟೋಟಲ್ ಐಜಿಎ. ಇದು ಕಾಯಿಲೆಯ ಪರೀಕ್ಷೆಯಲ್ಲ, ಮೊದಲ ಪರೀಕ್ಷೆಯನ್ನು ನಂಬಬಹುದೇ ಎಂದು ಹೇಳುವ ಸಾಕ್ಷಿ. ಐಜಿಎ ಎಂಬುದು ಪ್ರತಿಕಾಯಗಳ ಒಂದು ವರ್ಗ. ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ಈ ವರ್ಗದ ಪ್ರತಿಕಾಯ ತಯಾರಾಗುವುದಿಲ್ಲ. ಅಂಥವರಲ್ಲಿ ಸೆಲಿಯಾಕ್ ಇದ್ದರೂ ಟಿಟಿಜಿ ಐಜಿಎ ಅಂಕಿ ಸೊನ್ನೆಯ ಹತ್ತಿರವೇ ಇರುತ್ತದೆ. ಸೆಲಿಯಾಕ್ ರೋಗಿಗಳಲ್ಲಿ ನೂರಕ್ಕೆ ಎರಡು ಮೂರು ಮಂದಿ ಹೀಗಿರುತ್ತಾರೆ. ಅವರಿಗೆ ಐಜಿಜಿ ವರ್ಗದ ಪರೀಕ್ಷೆ, ಅಂದರೆ ಟಿಟಿಜಿ ಐಜಿಜಿ ಅಥವಾ ಡಿಜಿಪಿ ಐಜಿಜಿ ಮಾಡಿಸಬೇಕಾಗುತ್ತದೆ. ಪುಟ್ಟ ಮಕ್ಕಳಲ್ಲಿ ಐಜಿಎ ಸಹಜವಾಗಿಯೇ ಕಡಿಮೆ ಇರುವುದರಿಂದ ಅವರ ಅಂಕಿಯನ್ನು ದೊಡ್ಡವರ ಮಿತಿಗೆ ಹೋಲಿಸಿ ಗಾಬರಿಯಾಗಬಾರದು.

ಮೂರನೆಯದು ಇಎಂಎ, ಅಂದರೆ ಎಂಡೊಮೈಸಿಯಲ್ ಪ್ರತಿಕಾಯ. ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಬೇಕಾಗುತ್ತದೆ, ಖರ್ಚೂ ಹೆಚ್ಚು. ಟಿಟಿಜಿ ಪಾಸಿಟಿವ್ ಬಂದಾಗ ಅದನ್ನು ದೃಢಪಡಿಸಲು ವೈದ್ಯರು ಬರೆದುಕೊಡುತ್ತಾರೆ.

ಹಳೆಯ ರಿಪೋರ್ಟುಗಳಲ್ಲಿ ‘ಆ್ಯಂಟಿ ಗ್ಲಯಾಡಿನ್’ ಎಂಬ ಹೆಸರು ಕಾಣಬಹುದು. ಕಾಯಿಲೆ ಇಲ್ಲದವರಲ್ಲೂ ಅದು ಪಾಸಿಟಿವ್ ಬರುವುದುಂಟು. ಆದ್ದರಿಂದ ಸೆಲಿಯಾಕ್ ಪತ್ತೆಗೆ ಈಗ ಅದನ್ನು ನೆಚ್ಚುವುದಿಲ್ಲ.

ಅಂಕಿ ನೋಡುವ ಕ್ರಮ

ಒಂದು ಲ್ಯಾಬಿನಲ್ಲಿ ಟಿಟಿಜಿ 62 ಬಂತು, ಇನ್ನೊಂದು ಲ್ಯಾಬಿನಲ್ಲಿ 44 ಬಂತು. ಯಾವುದು ಹೆಚ್ಚು? 62 ಎನ್ನುವುದು ಸಹಜ. ಆದರೆ ಪಕ್ಕದ ಕಾಲಮಿನಲ್ಲಿರುವ ಮಿತಿ ನೋಡದೆ ಉತ್ತರ ಹೇಳುವಂತಿಲ್ಲ. ಮೊದಲ ಲ್ಯಾಬಿನ ಮಿತಿ 20 ಆಗಿದ್ದರೆ 62 ಎಂದರೆ ಮಿತಿಯ ಸುಮಾರು ಮೂರು ಪಟ್ಟು. ಎರಡನೆಯ ಲ್ಯಾಬಿನ ಮಿತಿ 4 ಆಗಿದ್ದರೆ 44 ಎಂದರೆ ಹನ್ನೊಂದು ಪಟ್ಟು. ಲ್ಯಾಬಿನವರು ಬಳಸುವ ಕಿಟ್ ಬೇರೆಯಾದರೆ ಮಾಪನವೂ ಬೇರೆ. ರೂಪಾಯಿಯನ್ನು ಡಾಲರಿನ ಜೊತೆ ಹಾಗೆಯೇ ಕೂಡಿಸಲು ಬಾರದಂತೆ, ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಪಕ್ಕ ಇಡಲು ಬಾರದು. ‘ಮಿತಿಯ ಎಷ್ಟು ಪಟ್ಟು?’ ಎಂಬುದೇ ಕೇಳಬೇಕಾದ ಪ್ರಶ್ನೆ. ವರ್ಷ ವರ್ಷ ಪರೀಕ್ಷೆ ಮಾಡಿಸಬೇಕಾದವರು ಆದಷ್ಟು ಒಂದೇ ಲ್ಯಾಬಿಗೆ ಹೋಗುವುದು ಅನುಕೂಲ.

ಮಿತಿಗಿಂತ ಸ್ವಲ್ಪವೇ ಮೇಲೆ ಬಂದರೆ? ಇದನ್ನು ‘ವೀಕ್ ಪಾಸಿಟಿವ್’ ಅಥವಾ ‘ಬಾರ್ಡರ್‌ಲೈನ್’ ಎನ್ನುತ್ತಾರೆ. ಟೈಪ್ 1 ಮಧುಮೇಹ, ಲಿವರ್ ತೊಂದರೆ, ಕೆಲವು ಸೋಂಕುಗಳು ಇದ್ದಾಗಲೂ ಹೀಗೆ ಅಲ್ಪ ಏರಿಕೆ ಕಾಣಬಹುದು. ಇಂಥ ರಿಪೋರ್ಟಿಗೆ ಗಾಬರಿಯೂ ಬೇಡ, ಅಸಡ್ಡೆಯೂ ಬೇಡ. ವೈದ್ಯರು ಇಎಂಎ ಮಾಡಿಸಬಹುದು, ಕೆಲವು ತಿಂಗಳ ನಂತರ ಮತ್ತೆ ಪರೀಕ್ಷಿಸಬಹುದು ಅಥವಾ ಬಯಾಪ್ಸಿ ಹೇಳಬಹುದು. ಅಲ್ಲಿಯ ತನಕ ಗೋಧಿ ಮುಂದುವರಿಯಬೇಕು.

ಅಂಕಿ ಮಿತಿಯ ಹತ್ತು ಪಟ್ಟು ಮೀರಿದರೆ ಕರುಳಿಗೆ ಹಾನಿಯಾಗಿರುವ ಸಂಭವ ಬಹಳ ಹೆಚ್ಚು. ಆದರೂ ಅಂಕಿಯ ಗಾತ್ರ ರೋಗಿ ಅನುಭವಿಸುವ ನೋವಿನ ಅಳತೆಯಲ್ಲ. ಹತ್ತು ಪಟ್ಟು ಇದ್ದವರು ಓಡಾಡಿಕೊಂಡಿರಬಹುದು, ಮೂರು ಪಟ್ಟು ಇದ್ದವರು ಹಾಸಿಗೆ ಹಿಡಿದಿರಬಹುದು.

ಪಾಸಿಟಿವ್ ಬಂದ ಮೇಲೆ

ದೊಡ್ಡವರಲ್ಲಿ ಸಾಮಾನ್ಯವಾಗಿ ಮುಂದಿನ ಹೆಜ್ಜೆ ಎಂಡೊಸ್ಕೋಪಿ. ಬಾಯಿಯ ಮೂಲಕ ತೆಳುವಾದ ನಳಿಕೆ ಇಳಿಸಿ ಸಣ್ಣ ಕರುಳಿನ ಮೊದಲ ಭಾಗದಿಂದ ಚಿಕ್ಕ ಚಿಕ್ಕ ಚೂರುಗಳನ್ನು ತೆಗೆಯುತ್ತಾರೆ. ಹಾನಿ ಅಲ್ಲಲ್ಲಿ ಮಾತ್ರ ಇರಬಹುದಾದ್ದರಿಂದ ಒಂದೇ ಚೂರು ಸಾಲದು, ಬೇರೆ ಬೇರೆ ಕಡೆಯಿಂದ ನಾಲ್ಕೈದು ತೆಗೆಯಬೇಕು. ಬಯಾಪ್ಸಿ ರಿಪೋರ್ಟಿನಲ್ಲಿ ‘ಮಾರ್ಷ್’ ಎಂಬ ಹೆಸರಿನ ಜೊತೆ 0ಯಿಂದ 3ರ ತನಕ ಅಂಕಿ ಇರುತ್ತದೆ. 0 ಎಂದರೆ ಕರುಳು ಸರಿಯಿದೆ, 3 ಎಂದರೆ ಎಳೆಗಳು ಸವೆದಿವೆ. 3ರಲ್ಲೂ ಎ, ಬಿ, ಸಿ ಎಂಬ ಮೆಟ್ಟಿಲುಗಳಿವೆ.

ರಕ್ತದ ರಿಪೋರ್ಟು ಪಾಸಿಟಿವ್ ಇದ್ದ ಮೇಲೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಜೀವನವಿಡೀ ಪಥ್ಯ ಮಾಡುವ ನಿರ್ಧಾರಕ್ಕೆ ಗಟ್ಟಿ ಆಧಾರ ಬೇಕು. ಇನ್ನೊಂದು ಕಡೆ, ನಮ್ಮ ದೇಶದಲ್ಲಿ ಕೆಲವು ಸೋಂಕುಗಳಿಂದಲೂ ಟ್ರಾಪಿಕಲ್ ಸ್ಪ್ರೂ ಎಂಬ ಕಾಯಿಲೆಯಿಂದಲೂ ಕರುಳಿನ ಎಳೆಗಳು ಸವೆಯುತ್ತವೆ. ಅವುಗಳಿಗೆ ಔಷಧಿ ಬೇರೆ. ಹೀಗಾಗಿ ರಕ್ತ ಮತ್ತು ಬಯಾಪ್ಸಿ ಎರಡೂ ಒಂದೇ ಮಾತು ಹೇಳಿದಾಗ ವೈದ್ಯರು ನಿಶ್ಚಿಂತರಾಗಿ ತೀರ್ಮಾನಿಸುತ್ತಾರೆ.

ಮಕ್ಕಳ ವಿಷಯದಲ್ಲಿ ಸ್ವಲ್ಪ ಸಡಿಲವಿದೆ. ಯುರೋಪಿನ ಮಕ್ಕಳ ಜೀರ್ಣಾಂಗ ತಜ್ಞರ ಸಂಘಟನೆ 2012ರಲ್ಲಿ ಹೊರಡಿಸಿ 2020ರಲ್ಲಿ ಪರಿಷ್ಕರಿಸಿದ ಸೂಚನೆಯ ಪ್ರಕಾರ, ಟಿಟಿಜಿ ಐಜಿಎ ಮಿತಿಯ ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚಿದ್ದು, ಎರಡನೆಯ ಸಲ ತೆಗೆದ ರಕ್ತದಲ್ಲಿ ಇಎಂಎ ಕೂಡ ಪಾಸಿಟಿವ್ ಬಂದರೆ ಬಯಾಪ್ಸಿ ಇಲ್ಲದೆಯೂ ಕಾಯಿಲೆಯನ್ನು ಖಚಿತಪಡಿಸಬಹುದು. ಇದು ತಜ್ಞ ವೈದ್ಯರು ಹೆತ್ತವರೊಡನೆ ಕುಳಿತು ಮಾಡಬೇಕಾದ ತೀರ್ಮಾನ. ಮೊಬೈಲಿನಲ್ಲಿ ಬಂದ ರಿಪೋರ್ಟು ನೋಡಿ ಮನೆಯಲ್ಲೇ ಮಾಡುವಂಥದ್ದಲ್ಲ.

ನೆಗೆಟಿವ್ ಬಂದರೆ ಮುಗಿಯಿತೇ?

ಬಹುತೇಕ ಸಂದರ್ಭಗಳಲ್ಲಿ ಹೌದು. ಆದರೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ರಕ್ತ ಕೊಡುವ ಮೊದಲು ಗೋಧಿ ಸಾಕಷ್ಟು ತಿನ್ನುತ್ತಿದ್ದರೇ? ಟೋಟಲ್ ಐಜಿಎ ಸರಿಯಾಗಿದೆಯೇ? ಲಕ್ಷಣಗಳು ಇನ್ನೂ ಮುಂದುವರಿದಿವೆಯೇ? ಮೊದಲೆರಡರಲ್ಲಿ ಒಂದಕ್ಕೆ ‘ಇಲ್ಲ’ ಎಂದಾದರೂ ಆ ನೆಗೆಟಿವ್‌ಗೆ ಹೆಚ್ಚಿನ ಬೆಲೆಯಿಲ್ಲ. ಮೂರನೆಯದಕ್ಕೆ ‘ಹೌದು’ ಎಂದಾದರೆ ವೈದ್ಯರನ್ನು ಮತ್ತೆ ಕಾಣಬೇಕು. ಇಷ್ಟಲ್ಲದೆ ಸೆಲಿಯಾಕ್ ಯಾವ ವಯಸ್ಸಿನಲ್ಲೂ ಶುರುವಾಗಬಹುದು. ಮನೆಯಲ್ಲಿ ಕಾಯಿಲೆ ಇರುವವರಿದ್ದರೆ ಇಂದಿನ ನೆಗೆಟಿವ್ ಹತ್ತು ವರ್ಷದ ನಂತರಕ್ಕೂ ಅನ್ವಯಿಸುತ್ತದೆ ಎನ್ನಲಾಗದು.

ಜೀನ್ ಪರೀಕ್ಷೆ ಮತ್ತು ದುಬಾರಿ ಪ್ಯಾಕೇಜುಗಳು

ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ಜೀನ್ ಪರೀಕ್ಷೆ ಪಾಸಿಟಿವ್ ಬಂದೊಡನೆ ಕಾಯಿಲೆ ಇದೆ ಎಂದು ಕಂಗಾಲಾಗುವುದು ತಪ್ಪು. ಮೇಲೆ ಹೇಳಿದಂತೆ ಭಾರತೀಯರಲ್ಲಿ ಮೂವರಲ್ಲಿ ಒಬ್ಬರಿಗೆ ಈ ಜೀನ್ ಇದೆ. ಈ ಪರೀಕ್ಷೆಯ ಉಪಯೋಗ ಇರುವುದು ನೆಗೆಟಿವ್ ಬಂದಾಗ. ಎರಡೂ ಇಲ್ಲವೆಂದಾದರೆ ಸೆಲಿಯಾಕ್ ಇರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಬೇರೆ ಪರೀಕ್ಷೆಗಳು ಒಂದಕ್ಕೊಂದು ತಾಳೆಯಾಗದಿದ್ದಾಗ, ಮೊದಲೇ ಗೋಧಿ ಬಿಟ್ಟುಬಿಟ್ಟವರ ವಿಷಯದಲ್ಲಿ ಇದು ನೆರವಿಗೆ ಬರುತ್ತದೆ.

ನೂರಾರು ಆಹಾರ ಪದಾರ್ಥಗಳ ಹೆಸರು ಅಚ್ಚು ಮಾಡಿ ‘ಇದು ನಿಮಗೆ ಆಗದು, ಅದು ಆಗದು’ ಎನ್ನುವ ಐಜಿಜಿ ಪ್ಯಾಕೇಜುಗಳೂ ಪೇಟೆಯಲ್ಲಿವೆ. ಸೆಲಿಯಾಕ್ ಪತ್ತೆಗೆ ಅವುಗಳಿಂದ ಪ್ರಯೋಜನವಿಲ್ಲ. ಗೋಧಿ ಅಲರ್ಜಿಗೆ ಮಾಡುವ ಐಜಿಇ ಪರೀಕ್ಷೆಯೂ ಬೇರೆ, ಆ ಕಾಯಿಲೆಯೂ ಬೇರೆ.

ಕನ್ನಡಿಗರ ಅಡುಗೆ ಮನೆ

ಕಾಯಿಲೆ ಖಚಿತವಾದ ಮೇಲೆ ಮದ್ದು ಒಂದೇ, ಗ್ಲುಟೆನ್ ಇಲ್ಲದ ಊಟ. ಈ ವಿಷಯದಲ್ಲಿ ಕನ್ನಡಿಗರು ಅದೃಷ್ಟವಂತರು. ಅಕ್ಕಿ, ಜೋಳ, ರಾಗಿ, ಸಜ್ಜೆ, ನವಣೆ, ಸಾಮೆ ಯಾವುದರಲ್ಲೂ ಈ ತೊಂದರೆಯಿಲ್ಲ. ಅಕ್ಕಿ ರೊಟ್ಟಿ, ನೀರುದೋಸೆ, ಕಡುಬು, ಜೋಳದ ರೊಟ್ಟಿ, ಮುದ್ದೆ, ಇಡ್ಲಿ ಎಲ್ಲ ತಿನ್ನಬಹುದು. ರವಿವಾರದ ಊಟವನ್ನು ವಾರವಿಡೀ ಉಂಡರಾಯಿತು.

ಅಪಾಯ ಇರುವುದು ಕಣ್ಣಿಗೆ ಕಾಣದ ಗೋಧಿಯಲ್ಲಿ. ರವೆ, ಮೈದಾ ಎರಡೂ ಗೋಧಿಯೇ. ಉಪ್ಪಿಟ್ಟು, ರವೆ ಇಡ್ಲಿ, ಗೋಳಿಬಜೆ, ಬನ್ಸ್, ಮದ್ದೂರು ವಡೆ, ಹೋಳಿಗೆಯ ಕಣಕ ಇವೆಲ್ಲ ನಿಷಿದ್ಧ. ಡಬ್ಬಿಯಲ್ಲಿ ಸಿಗುವ ಇಂಗಿಗೆ ಅನೇಕ ಕಂಪೆನಿಗಳು ಗೋಧಿ ಹಿಟ್ಟು ಬೆರೆಸುತ್ತವೆ. ಹಾಗಾಗಿ ಸಾರು, ಸಾಂಬಾರು, ಉಪ್ಪಿನಕಾಯಿಯ ಮೂಲಕವೂ ಗೋಧಿ ಹೊಟ್ಟೆ ಸೇರಬಹುದು. ಡಬ್ಬಿಯ ಮೇಲಿನ ಅಕ್ಷರ ಓದಿ ಅಕ್ಕಿ ಹಿಟ್ಟು ಬೆರೆಸಿದ ಇಂಗು ಕೊಳ್ಳಬೇಕು. ಬಾರ್ಲಿ ಮಾಲ್ಟ್ ಇರುವ ಹಾಲಿನ ಪುಡಿಗಳೂ ಬೇಡ. ಬಡಾವಣೆಯ ಚಕ್ಕಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸಿಕೊಡುತ್ತಾರೆ. ಮನೆಯಲ್ಲಿ ಬೀಸುವ ಅನುಕೂಲವಿದ್ದರೆ ಒಳ್ಳೆಯದು. ಪೊಟ್ಟಣದ ಮೇಲೆ ‘ಗ್ಲುಟೆನ್ ಫ್ರೀ’ ಎಂದು ಬರೆಯಬೇಕಾದರೆ ಭಾರತದ ಆಹಾರ ಸುರಕ್ಷಾ ನಿಯಮದಂತೆ ಕಿಲೋ ಒಂದಕ್ಕೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಕೂಡದು. ಮಿತಿ ಎಷ್ಟು ಸಣ್ಣದು ಎಂಬುದರಿಂದಲೇ ‘ಒಂದು ತುಂಡು ತಿಂದರೆ ಏನಾಗುತ್ತದೆ’ ಎಂಬ ಮಾತಿಗೆ ಉತ್ತರ ಸಿಗುತ್ತದೆ.

ಪಥ್ಯ ಸರಿಯಾಗಿದೆಯೇ ಎಂದು ತಿಳಿಯುವುದು

ಇದನ್ನು ತಿಳಿಯಲೂ ಅದೇ ಟಿಟಿಜಿ ಪರೀಕ್ಷೆ ನೆರವಾಗುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸುತ್ತಾರೆ. ಅಂಕಿ ಸತತವಾಗಿ ಇಳಿಯುತ್ತಿದ್ದರೆ ಪಥ್ಯ ಫಲಿಸುತ್ತಿದೆ ಎಂದರ್ಥ. ಆರಂಭದಲ್ಲಿ ತುಂಬ ಹೆಚ್ಚಿದ್ದವರಿಗೆ ಮಿತಿಯೊಳಗೆ ಬರಲು ಒಂದೆರಡು ವರ್ಷ ಹಿಡಿಯಬಹುದು, ಅದಕ್ಕೆ ಎದೆಗುಂದಬೇಕಾಗಿಲ್ಲ. ಇಳಿಯದೆ ನಿಂತರೆ ಅಥವಾ ಇಳಿದದ್ದು ಮತ್ತೆ ಏರಿದರೆ ಎಲ್ಲೋ ಗೋಧಿ ನುಸುಳುತ್ತಿದೆ ಎಂದು ಇಂಗಿನ ಡಬ್ಬಿಯಿಂದ ಶಾಲೆಯ ಕ್ಯಾಂಟೀನಿನ ತನಕ ಹುಡುಕಬೇಕು. ಅಂಕಿ ಮಿತಿಯೊಳಗೆ ಬಂದಾಗ ‘ಗುಣವಾಯಿತು, ಇನ್ನು ತಿನ್ನಬಹುದು’ ಎಂದುಕೊಳ್ಳುವುದು ದೊಡ್ಡ ತಪ್ಪು. ಪಥ್ಯದಿಂದಾಗಿಯೇ ಅಂಕಿ ಇಳಿದದ್ದು. ಗೋಧಿ ಮತ್ತೆ ಬಂದರೆ ಅದರ ಹಿಂದೆಯೇ ಕಾಯಿಲೆಯೂ ಬರುತ್ತದೆ. ಟಿಟಿಜಿಯ ಜೊತೆಗೆ ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಡಿ ವಿಟಮಿನ್, ಥೈರಾಯ್ಡ್ ಕೂಡ ನೋಡಿಸುವುದು ವಾಡಿಕೆ.

ಸಂಘ ಸಂಸ್ಥೆಗಳು ಮಾಡಬಹುದಾದದ್ದು

ನಗರದ ಕನ್ನಡ ಸಂಘಗಳು ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣಾ ಶಿಬಿರ ಏರ್ಪಡಿಸುತ್ತವೆ. ಅಲ್ಲಿ ಸಕ್ಕರೆ, ರಕ್ತದೊತ್ತಡದ ಜೊತೆ ಹಿಮೋಗ್ಲೋಬಿನ್ ಪರೀಕ್ಷೆಯೂ ನಡೆಯುತ್ತದೆ. ಎಲ್ಲರಿಗೂ ಸೆಲಿಯಾಕ್ ಪರೀಕ್ಷೆ ಮಾಡಿಸಬೇಕಾದ ಅಗತ್ಯವಿಲ್ಲ. ಆದರೆ ವರ್ಷ ವರ್ಷವೂ ಹಿಮೋಗ್ಲೋಬಿನ್ ಕಡಿಮೆಯೇ ಇರುವ ಮಹಿಳೆಯರಿಗೆ, ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಟಾನಿಕ್ ಬಾಟಲಿ ಕೊಟ್ಟು ಕಳುಹಿಸುವ ಬದಲು ತಜ್ಞರ ವಿಳಾಸ ಕೊಟ್ಟರೆ ಅದು ದೊಡ್ಡ ಉಪಕಾರ.

ಇನ್ನೊಂದು ಕೆಲಸಕ್ಕೆ ಹಣವೂ ಬೇಕಾಗಿಲ್ಲ. ಸತ್ಯನಾರಾಯಣ ಪೂಜೆಯ ಸಪಾದ ಪ್ರಸಾದ ಗೋಧಿ ರವೆಯದ್ದು. ವಾರ್ಷಿಕೋತ್ಸವದ ಊಟದಲ್ಲಿ ಪೂರಿ, ಹೋಳಿಗೆ ತಪ್ಪದು. ಸೆಲಿಯಾಕ್ ಇರುವ ಮಗು ಕೈ ಹಿಂದೆ ಕಟ್ಟಿಕೊಂಡು ನಿಂತರೆ ‘ದೇವರ ಪ್ರಸಾದಕ್ಕೆ ಬೇಡ ಅನ್ನಬಾರದು ಮಗಾ’ ಎಂದು ಹಿರಿಯರು ಪ್ರೀತಿಯಿಂದಲೇ ಒತ್ತಾಯಿಸುತ್ತಾರೆ. ಆ ಮಗುವಿನ ತಾಯಿ ಹತ್ತು ಜನರ ಎದುರು ಟಿಟಿಜಿ, ಐಜಿಎ ಎಂದು ವಿವರಿಸುತ್ತ ನಿಲ್ಲಬೇಕಾಗುತ್ತದೆ. ಕೆಲವು ಕುಟುಂಬಗಳು ಇದೇ ಮುಜುಗರಕ್ಕೆ ಕಾರ್ಯಕ್ರಮಗಳಿಗೆ ಬರುವುದನ್ನೇ ಕಡಿಮೆ ಮಾಡುತ್ತವೆ. ಪ್ರಸಾದದ ತಟ್ಟೆಯಲ್ಲಿ ನಾಲ್ಕು ಬಾಳೆಹಣ್ಣು, ಒಂದಿಷ್ಟು ಕಲ್ಲುಸಕ್ಕರೆ ಬೇರೆಯಾಗಿ ಇಟ್ಟರೆ, ಊಟದ ಸಾಲಿನಲ್ಲಿ ಬೇರೆ ಸೌಟಿನಿಂದ ಅನ್ನ, ಮೊಸರು ಬಡಿಸಿದರೆ ಆ ಮನೆಯವರೂ ಎಲ್ಲರ ಜೊತೆ ಪಂಕ್ತಿಯಲ್ಲಿ ಕುಳಿತು ಉಣ್ಣಬಹುದು. ಮುಂದಿನ ಪೂಜೆಯ ಸಾಮಾನು ಪಟ್ಟಿ ಬರೆಯುವಾಗ ಮಹಿಳಾ ವಿಭಾಗದವರು ಇದನ್ನೂ ಒಂದು ಸಾಲಾಗಿ ಸೇರಿಸಿಕೊಂಡರೆ ಸಾಕು.